ಮೊದಲು ಡಾಕ್ಟರು, ಆಮೇಲೆ ರಾಜೀನಾಮೆ

ಕಳೆದ ವರ್ಷ ಒಂದು ಭಾನುವಾರ ರಾತ್ರಿ ಗೆಳೆಯನೊಬ್ಬ ಫೋನ್ ಮಾಡಿದ. "ಗುರು, ಊರಿನ ಮ್ಯೂಚುಯಲ್ ಫಂಡ್ ಮಾರಿದ್ರೆ ದುಡ್ಡು ಎಷ್ಟು ದಿನಕ್ಕೆ ಅಕೌಂಟಿಗೆ ಬರುತ್ತೆ?" ಅಂತ ಕೇಳಿದ. ಇಂಥ ಪ್ರಶ್ನೆ ನನಗೆ ಹೊಸದಲ್ಲ. ಮನೆ ತಗೋತೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಇಲ್ಲ. ಬೆಂಗಳೂರಿಗೆ ಹೋಗಿ ಅಡ್ಮಿಟ್ ಆಗ್ಬೇಕು. ಕುಡಿತ ಕೈ ಮೀರಿದೆ. ನಾಳೆ ರಾಜೀನಾಮೆ ಕೊಡ್ತಾ ಇದೀನಿ."

ಅವನು ನಿಶಿಕಸಾಯ್ ಕಡೆಯವನು. ಹೆಸರು ಬೇಡ, ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವನ ಒಪ್ಪಿಗೆ ಇದೆ. ಆಫೀಸಿನ ನೋಮಿಕಾಯ್‌ನಲ್ಲಿ ಶುರುವಾದ ಕುಡಿತ. ವರ್ಕ್ ಫ್ರಂ ಹೋಮ್ ದಿನಗಳಲ್ಲಿ ಕೊಂಬಿನಿಯ ಶೇಕಡಾ 9ರ ಚೂಹಾಯ್ ಕ್ಯಾನುಗಳಿಗೆ ಇಳಿದು, ಕೊನೆಗೆ ಬೆಳಗಿನ ಮೀಟಿಂಗಿಗೆ ಮುಂಚೆಯೂ ಒಂದು ಕ್ಯಾನ್ ಬೇಕು ಎನ್ನುವಲ್ಲಿಗೆ ಬಂದಿತ್ತು. ಮನೆಯಲ್ಲಿ ಹೆಂಡತಿಗೆ ಗೊತ್ತು, ಇಬ್ಬರನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ರಾಜ್ಯೋತ್ಸವದ ದಿನ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿತ್ತು.

ಆವತ್ತು ರಾತ್ರಿ ನಾನು ಹೇಳಿದ್ದು ಇಷ್ಟೆ: ಫಂಡ್ ಮಾರಬೇಡ, ನಾಳೆ ರಾಜೀನಾಮೆ ಕೊಡಬೇಡ, ಮೊದಲು ಇಲ್ಲೇ ಒಬ್ಬ ಡಾಕ್ಟರನ್ನು ನೋಡು. ಯಾಕೆ ಹಾಗೆ ಹೇಳಿದೆ ಅನ್ನುವುದೇ ಈ ಬರಹ. ಜಪಾನಿನಲ್ಲಿ ಸಂಬಳದ ಕೆಲಸದಲ್ಲಿರುವ ನಾವು ಮನಸ್ಸಿನ ಕಾಯಿಲೆಗೆ, ಚಟದ ಕಾಯಿಲೆಗೆ ಬೇಕಾದ ಇನ್ಶೂರೆನ್ಸ್ ಪ್ರೀಮಿಯಂ ಪ್ರತಿ ತಿಂಗಳು ಕಟ್ಟುತ್ತಲೇ ಇದ್ದೇವೆ. ಮುಚ್ಚಿಡುವ ಅವಸರದಲ್ಲಿ ಅದನ್ನು ಬಿಟ್ಟು, ಉಳಿತಾಯಕ್ಕೆ ಕೈ ಹಾಕುತ್ತೇವೆ. ಅದು ತಪ್ಪು ಲೆಕ್ಕ ಅನ್ನುವುದು ನನ್ನ ಅಭಿಪ್ರಾಯ.

ಪೇಸ್ಲಿಪ್‌ನಲ್ಲಿ ಏನಿದೆ

ಶಕಾಯ್ ಹೋಕೆನ್ ಹೆಸರಲ್ಲಿ ಕಟ್ಟಾಗುವ ದುಡ್ಡಿನಲ್ಲಿ ಆರೋಗ್ಯ ವಿಮೆ ಇದೆ, ಪೆನ್ಶನ್ ಇದೆ. ಹಲ್ಲು ನೋವಿಗೆ ಹೋದಾಗ ಶೇಕಡಾ 30 ಮಾತ್ರ ಕಟ್ಟುತ್ತೇವಲ್ಲ, ಮನೋವೈದ್ಯರಿಗೂ ಅದೇ 30. ಡಿಪ್ರೆಶನ್ ಆಗಲಿ, ಪ್ಯಾನಿಕ್ ಆಗಲಿ, ಕುಡಿತದ ಚಟ ಆಗಲಿ, ಎಲ್ಲವೂ ಕಾಯಿಲೆಗಳ ಪಟ್ಟಿಯಲ್ಲಿವೆ. ಬೋರ್ಡಿನ ಮೇಲೆ "ಸೇಶಿನ್‌ಕಾ" ಅಂತಿದ್ದರೆ ಅದು ಮನೋವೈದ್ಯ ವಿಭಾಗ. "ಶಿನ್ರ್ಯೋ ನೈಕಾ" ಅಂತಿದ್ದರೆ ಒತ್ತಡದಿಂದ ದೇಹಕ್ಕೆ ಬರುವ ತೊಂದರೆ ನೋಡುವ ವಿಭಾಗ. ಸಾಮಾನ್ಯವಾಗಿ ಒಂದೇ ಕ್ಲಿನಿಕ್ ಎರಡೂ ಹೆಸರು ಹಾಕಿಕೊಂಡಿರುತ್ತದೆ.

ಇದರ ಮೇಲೆ ಇನ್ನೊಂದು ಸೌಲಭ್ಯ ಇದೆ, ನಮ್ಮವರಲ್ಲಿ ಹತ್ತರಲ್ಲಿ ಒಬ್ಬರೂ ಅದರ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ: ಜಿರಿತ್ಸು ಶಿಯೆನ್ ಇರ್ಯೋ. 2006ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಅಡ್ಮಿಟ್ ಆಗದೆ ಪಡೆಯುವ ಮನೋವೈದ್ಯ ಚಿಕಿತ್ಸೆಗೆ ನಮ್ಮ ಪಾಲು ಶೇಕಡಾ 30ರಿಂದ 10ಕ್ಕೆ ಇಳಿಯುತ್ತದೆ. ಔಷಧಿಗೂ ಅನ್ವಯ. ಅಂದರೆ ತಿಂಗಳಿಗೆ ಒಟ್ಟು ಬಿಲ್ 20,000 ಯೆನ್ ಆದರೆ 6,000 ಬದಲು 2,000 ಕಟ್ಟುತ್ತೀರಿ. ಇದಕ್ಕೆ ತಿಂಗಳ ಮಿತಿಯೂ ಇದೆ. ದೀರ್ಘಕಾಲ ಚಿಕಿತ್ಸೆ ಬೇಕಾದ ಕಾಯಿಲೆ ಅಂತ ಗುರುತಾದರೆ, ನೀವು ಕಟ್ಟುವ ಮುನಿಸಿಪಲ್ ಟ್ಯಾಕ್ಸಿನ ಆದಾಯಕ್ಕೆ ತಕ್ಕ ಭಾಗ ವರ್ಷಕ್ಕೆ 33,000 ಯೆನ್‌ಗಿಂತ ಕಡಿಮೆ ಇದ್ದವರಿಗೆ 5,000, ಅಲ್ಲಿಂದ 2,35,000ರ ಒಳಗಿದ್ದವರಿಗೆ 10,000, ಅದಕ್ಕೂ ಮೇಲಿನವರಿಗೆ 20,000 ಯೆನ್. ಆ ಗುಂಪಿನಲ್ಲಿ ಡಿಪ್ರೆಶನ್, ಬೈಪೋಲಾರ್, ಸ್ಕಿಜೋಫ್ರೇನಿಯಾ, ಎಪಿಲೆಪ್ಸಿ ಜೊತೆಗೆ ಚಟದ ಕಾಯಿಲೆಗಳೂ ಇವೆ. ಹೆಚ್ಚು ಸಂಬಳದವರು ಆ ಗುಂಪಿಗೆ ಸೇರದಿದ್ದರೆ ಮಾತ್ರ ಈ ಸೌಲಭ್ಯ ಸಿಗುವುದಿಲ್ಲ.

ಅರ್ಜಿ ಹಾಕುವುದು ನಿಮ್ಮ ಕುಯಾಕುಶೋ ಅಥವಾ ಶಿಯಾಕುಶೋದಲ್ಲಿ. ಕಂಪನಿಯ ಸಹಿ ಬೇಡ. ಡಾಕ್ಟರ ಸರ್ಟಿಫಿಕೇಟ್ ಬೇಕು, ಅದಕ್ಕೆ ಕೆಲವು ಸಾವಿರ ಯೆನ್ ಕೈಯಿಂದ ಹೋಗುತ್ತದೆ. ಒಂದು ವರ್ಷದ ಅವಧಿ, ಪ್ರತಿ ವರ್ಷ ನವೀಕರಿಸಬೇಕು. ಅರ್ಜಿಯಲ್ಲಿ ಬರೆದ ಆಸ್ಪತ್ರೆ ಮತ್ತು ಫಾರ್ಮಸಿಯಲ್ಲಿ ಮಾತ್ರ ನಡೆಯುತ್ತದೆ. ಹಿಂದಿನ ತಿಂಗಳ ಬಿಲ್ಲಿಗೆ ಇದು ಸಿಗುವುದಿಲ್ಲ, ಹಾಗಾಗಿ ಚಿಕಿತ್ಸೆ ಕೆಲವು ತಿಂಗಳು ನಡೆಯುತ್ತದೆ ಅಂತ ಡಾಕ್ಟರು ಹೇಳಿದ ದಿನವೇ ಕೇಳಿ.

ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಂಡತಿಗೋ ಗಂಡನಿಗೋ ಇದೆಲ್ಲ ಅನ್ವಯಿಸುತ್ತದೆ. ಊರು ಬಿಟ್ಟು, ಕೆಲಸ ಬಿಟ್ಟು, ಭಾಷೆ ಬಾರದ ಊರಿನಲ್ಲಿ ಮಗು ಜೊತೆ ದಿನವೆಲ್ಲ ಒಬ್ಬರೇ ಇರುವವರ ಬಗ್ಗೆ ನಾವು ಮಾತಾಡುವುದು ಇನ್ನೂ ಕಡಿಮೆ. ಅವರ ಕಾರ್ಡಿಗೂ ಅದೇ 30, ಅದೇ 10.

ಅಡ್ಮಿಟ್ ಆದರೆ

ಜಿರಿತ್ಸು ಶಿಯೆನ್ ಇನ್‌ಪೇಶೆಂಟ್‌ಗೆ ಇಲ್ಲ. ಅಲ್ಲಿ ಕೋಗಾಕು ರ್ಯೋಯೋಹಿ ಬರುತ್ತದೆ, ಒಂದು ತಿಂಗಳ ಆಸ್ಪತ್ರೆ ಖರ್ಚಿಗೆ ಮಿತಿ ಹಾಕುವ ವ್ಯವಸ್ಥೆ. ಮಧ್ಯಮ ಸಂಬಳದವರಿಗೆ ಹಲವು ವರ್ಷಗಳಿಂದ ನಡೆದುಬಂದ ಸೂತ್ರ 80,100 ಯೆನ್, ಅದರ ಮೇಲೆ ಒಟ್ಟು ಬಿಲ್ಲು 2,67,000 ದಾಟಿದ ಭಾಗದ ಶೇಕಡಾ 1. ಸಂಬಳ ಹೆಚ್ಚಿದ್ದರೆ ಮಿತಿಯೂ ಹೆಚ್ಚು. ಈ ಮಿತಿಗಳನ್ನು ಪರಿಷ್ಕರಿಸುವ ಕೆಲಸ ಸರ್ಕಾರ ಕೈಗೆತ್ತಿಕೊಂಡಿದೆ, ಹಾಗಾಗಿ ನಿಮ್ಮ ವರ್ಷದ ಅಂಕಿಯನ್ನು ಕೆಂಪೋದಲ್ಲಿ ಕೇಳಿಕೊಳ್ಳಿ. ಊಟ ಮತ್ತು ಪ್ರತ್ಯೇಕ ರೂಮಿನ ಖರ್ಚು ಇದರಲ್ಲಿ ಸೇರುವುದಿಲ್ಲ.

ನಮ್ಮ ಕಡೆ ಕುಡಿತ ಬಿಡಿಸುವುದು ಅಂದರೆ ಊರಿನ ಮದ್ಯವರ್ಜನ ಶಿಬಿರ ನೆನಪಾಗುತ್ತದೆ, ಇಲ್ಲವೇ ನಿಮ್ಹಾನ್ಸ್. ಇಲ್ಲಿಯೂ ಹಳೆಯ ವ್ಯವಸ್ಥೆ ಇದೆ. ಕನಾಗಾವಾದ ಯೊಕೊಸುಕಾದಲ್ಲಿರುವ ಕುರಿಹಾಮಾ ಆಸ್ಪತ್ರೆಯಲ್ಲಿ 1963ರಲ್ಲೇ ಕುಡಿತದ ಚಟಕ್ಕೆ ಪ್ರತ್ಯೇಕ ವಾರ್ಡ್ ತೆರೆದರು, ದೇಶದಲ್ಲಿ ಅದೇ ಮೊದಲು. 2011ರಲ್ಲಿ ಅಲ್ಲೇ ಇಂಟರ್ನೆಟ್ ಚಟಕ್ಕೂ ಚಿಕಿತ್ಸೆ ಶುರುವಾಯಿತು. ಗುಂಪಿನಲ್ಲಿ ಕೂತು ಮಾಡುವ ಚಟ ಚಿಕಿತ್ಸೆಯನ್ನು ವಿಮೆಯೊಳಗೆ ತಂದಿದ್ದು ಹಂತ ಹಂತವಾಗಿ: ಡ್ರಗ್ಸ್‌ಗೆ 2016, ಜೂಜಿಗೆ 2020, ಕುಡಿತಕ್ಕೆ 2022. ಅಂದರೆ ನಿಮ್ಮ ಸೀನಿಯರ್ ಹತ್ತು ವರ್ಷದ ಹಿಂದೆ "ಇಲ್ಲಿ ಅದೆಲ್ಲ ಇನ್ಶೂರೆನ್ಸಲ್ಲಿ ಬರಲ್ಲ" ಅಂದಿದ್ದರೆ, ಈಗ ಆ ಮಾತು ಹಳೆಯದು.

ರಾಜೀನಾಮೆಯ ಬೆಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಯಿಲೆಯಿಂದ ಕೆಲಸ ಮಾಡಲು ಆಗದಿದ್ದಾಗ ಶಕಾಯ್ ಹೋಕೆನ್‌ನಿಂದ ಸಿಗುವ ಭತ್ಯೆಯ ಹೆಸರು ಶೋಬ್ಯೋ ತೆಆತೆಕಿನ್. ಸತತ ಮೂರು ದಿನ ರಜೆ ಆದ ಮೇಲೆ ನಾಲ್ಕನೆಯ ದಿನದಿಂದ, ನಿಮ್ಮ ಸರಾಸರಿ ಸಂಬಳದ ಮೂರರಲ್ಲಿ ಎರಡು ಭಾಗ, ಒಟ್ಟು ಒಂದೂವರೆ ವರ್ಷದವರೆಗೆ. 2022ರ ಜನವರಿಯಿಂದ ಈ ಒಂದೂವರೆ ವರ್ಷವನ್ನು ಭತ್ಯೆ ಪಡೆದ ದಿನಗಳನ್ನು ಮಾತ್ರ ಕೂಡಿಸಿ ಲೆಕ್ಕ ಹಾಕುತ್ತಾರೆ. ನಡುವೆ ಕೆಲಸಕ್ಕೆ ಮರಳಿ ಮತ್ತೆ ಬಿದ್ದರೂ ಉಳಿದ ದಿನಗಳು ಹಾಳಾಗುವುದಿಲ್ಲ. ಒಮ್ಮೆ ಬಿಟ್ಟು ಮತ್ತೆ ಕುಡಿಯುವುದು ಸಾಮಾನ್ಯವಾದ ಕಾಯಿಲೆಯಲ್ಲಿ ಇದು ದೊಡ್ಡ ಅನುಕೂಲ. ಈ ಭತ್ಯೆಗೆ ಇನ್‌ಕಂ ಟ್ಯಾಕ್ಸೂ ಇಲ್ಲ.

ಲೆಕ್ಕ ನೋಡಿ. ವಿಮೆಯ ದಾಖಲೆಯಲ್ಲಿ ನಿಮ್ಮ ತಿಂಗಳ ಸಂಬಳ 5,00,000 ಯೆನ್ ಅಂತಿದ್ದರೆ 30 ದಿನಕ್ಕೆ ಸುಮಾರು 3,33,000 ಬರುತ್ತದೆ. ಇದರಲ್ಲಿ ಖುಷಿ ಪಡುವ ಮೊದಲು ಎರಡು ಕಡಿತ ನೆನಪಿಡಿ. ಕಾಯಿಲೆ ರಜೆಯಲ್ಲೂ ಆರೋಗ್ಯ ವಿಮೆ ಮತ್ತು ಪೆನ್ಶನ್ ಕಂತು ನಿಲ್ಲುವುದಿಲ್ಲ, ಈ ಸಂಬಳಕ್ಕೆ ಎರಡೂ ಸೇರಿ 70,000ದ ಆಸುಪಾಸು. ಜೂಮಿನ್‌ಜೇ ಹಿಂದಿನ ವರ್ಷದ ಆದಾಯದ ಮೇಲೆ ಬರುವುದರಿಂದ ಅದೂ ನಿಲ್ಲುವುದಿಲ್ಲ. ಎಲ್ಲ ಕಳೆದು ಕೈಯಲ್ಲಿ ಸುಮಾರು 2,40,000 ಉಳಿಯಬಹುದು. ಬಾಡಿಗೆ, ದಿನಸಿ ನಡೆಯುತ್ತದೆ. ಬೆಂಗಳೂರಿನ ಫ್ಲಾಟಿನ ಇಎಂಐ ಮತ್ತು ಎಸ್‌ಐಪಿ ಎರಡೂ ನಡೆಯುವುದಿಲ್ಲ. ಎಸ್‌ಐಪಿ ನಿಲ್ಲಿಸಿ. ಏನೂ ಮುಳುಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಈ ದುಡ್ಡು ಮುಂಗಡ ಅಲ್ಲ. ರಜೆ ಕಳೆದ ಮೇಲೆ ನಿಮ್ಮ ಭಾಗ, ಡಾಕ್ಟರ ಭಾಗ, ಕಂಪನಿಯ ಭಾಗ ತುಂಬಿ ಕಳಿಸಬೇಕು, ಮೊದಲ ಕಂತು ಕೈಗೆ ಬರುವಷ್ಟರಲ್ಲಿ ಎರಡು ತಿಂಗಳಾದರೂ ಆಗಬಹುದು. ಹಾಗಾಗಿ ಮೂರು ತಿಂಗಳ ಖರ್ಚು ಯೆನ್‌ನಲ್ಲಿ, ಜಪಾನಿನ ಬ್ಯಾಂಕಿನಲ್ಲಿ ಇಟ್ಟುಕೊಳ್ಳಿ ಅಂತ ನಾನು ಯಾವಾಗಲೂ ಹೇಳುವುದು. ಎಮರ್ಜೆನ್ಸಿ ಫಂಡ್ ಪೂರ್ತಿ ಊರಿನ ಎಫ್‌ಡಿಯಲ್ಲಿದ್ದರೆ ಇಂಥ ಹೊತ್ತಿಗೆ ಒದಗುವುದಿಲ್ಲ.

ಗೆಳೆಯ ಸೋಮವಾರ ರಾಜೀನಾಮೆ ಕೊಟ್ಟಿದ್ದರೆ ಏನಾಗುತ್ತಿತ್ತು? ಡಾಕ್ಟರನ್ನು ನೋಡದೆ ಕೆಲಸ ಬಿಟ್ಟವನಿಗೆ ಈ ಭತ್ಯೆ ಇಲ್ಲ. ಕೆಲಸ ಬಿಟ್ಟವರು ಸೇರುವ ಕೊಕುಮಿನ್ ಹೋಕೆನ್‌ನಲ್ಲಿ ಸಾಮಾನ್ಯವಾಗಿ ಇದು ಇಲ್ಲವೇ ಇಲ್ಲ. ಕಡೆಗೆ ಕೆಲಸ ಬಿಡಲೇಬೇಕಾಗಿ ಬಂದರೂ ದಾರಿ ಇದೆ: ಬಿಡುವ ದಿನಕ್ಕೆ ಸತತ ಒಂದು ವರ್ಷ ವಿಮೆಯಲ್ಲಿದ್ದು, ಆ ದಿನ ನೀವು ಭತ್ಯೆ ಪಡೆಯುತ್ತಿದ್ದರೆ ಅಥವಾ ಪಡೆಯುವ ಸ್ಥಿತಿಯಲ್ಲಿದ್ದರೆ, ಬಿಟ್ಟ ಮೇಲೂ ಮುಂದುವರಿಯುತ್ತದೆ. ಆದರೆ ಕೊನೆಯ ದಿನ "ಎಲ್ಲರಿಗೂ ಹೇಳಿ ಬರೋಣ" ಅಂತ ಆಫೀಸಿಗೆ ಹೋಗಿ ಕೆಲಸ ಮಾಡಿದ ದಿನ ಅಂತ ದಾಖಲಾದರೆ ಅದು ತಪ್ಪಿಹೋಗುತ್ತದೆ. ಒಂದು ದಿನದ ಸೌಜನ್ಯಕ್ಕೆ ಒಂದು ವರ್ಷದ ಆದಾಯ.

ಇದಕ್ಕಿಂತ ದೂರದ ವಿಷಯ ಅಂಗವಿಕಲ ಪೆನ್ಶನ್. ಅದು ನಿರ್ಧಾರವಾಗುವುದು ಆ ಕಾಯಿಲೆಗೆ ನೀವು ಮೊದಲ ಸಲ ಡಾಕ್ಟರ ಹತ್ತಿರ ಹೋದ ದಿನ ಯಾವ ಪೆನ್ಶನ್ ಯೋಜನೆಯಲ್ಲಿದ್ದಿರಿ ಅನ್ನುವುದರ ಮೇಲೆ. ಉದ್ಯೋಗಿಯ ಕೋಸೇ ನೆಂಕಿನ್‌ನಲ್ಲಿ ಮೂರನೆಯ ದರ್ಜೆಯೂ ಇದೆ, ಉದ್ಯೋಗ ಇಲ್ಲದವರ ಯೋಜನೆಯಲ್ಲಿ ಎರಡೇ ದರ್ಜೆ. ಯಾರಿಗೂ ಅದು ಬೇಕಾಗದಿರಲಿ. ಆದರೂ ಮೊದಲ ಭೇಟಿಯ ರಸೀದಿ ಎತ್ತಿಡಿ.

ವೀಸಾದ ಲೆಕ್ಕವೂ ಇದೇ ಕಡೆ ವಾಲುತ್ತದೆ. ರಜೆಯಲ್ಲಿರುವವನು ಇನ್ನೂ ಉದ್ಯೋಗಿ. ಕೆಲಸ ಬಿಟ್ಟವನು 14 ದಿನದೊಳಗೆ ಇಮಿಗ್ರೇಶನ್‌ಗೆ ತಿಳಿಸಬೇಕು, ಆಮೇಲೆ ಮೂರು ತಿಂಗಳ ಗಡುವಿನ ಚಿಂತೆ ಬೇರೆ. ಕಾಯಿಲೆಯ ಮಧ್ಯೆ ಅದು ಬೇಕಾ?

"ಕಂಪನಿಗೆ ಗೊತ್ತಾಗಲ್ವಾ?"

ಗೆಳೆಯನ ಮೊದಲ ಪ್ರಶ್ನೆ ಇದೇ. ಇದಕ್ಕೆ ಹೆದರಿ ಕಾರ್ಡು ತೋರಿಸದೆ ಪೂರ್ತಿ ದುಡ್ಡು ಕೊಟ್ಟವರನ್ನೂ ನಾನು ಬಲ್ಲೆ. ನೇರ ಉತ್ತರ ಕೊಡುತ್ತೇನೆ. ಡಾಕ್ಟರು ಗುಟ್ಟು ಕಾಪಾಡಬೇಕು, ಇದು ಜಪಾನಿನ ಕ್ರಿಮಿನಲ್ ಕಾನೂನಿನ 134ನೆಯ ವಿಧಿಯಲ್ಲೇ ಇದೆ. ಕೆಂಪೋ ನಿಮ್ಮ ಎಚ್‌ಆರ್ ಅಲ್ಲ, ಬೇರೆ ಸಂಸ್ಥೆ. ಕ್ಲಿನಿಕ್ಕಿಗೆ ಹೋಗಿಬಂದ ಮಾತ್ರಕ್ಕೆ ಮ್ಯಾನೇಜರಿಗೆ ಸುದ್ದಿ ಹೋಗುವುದಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ 2015ರ ಡಿಸೆಂಬರ್‌ನಿಂದ ಕಡ್ಡಾಯವಾಗಿರುವ ಸ್ಟ್ರೆಸ್ ಚೆಕ್‌ನ ಫಲಿತಾಂಶವನ್ನೂ ನಿಮ್ಮ ಒಪ್ಪಿಗೆ ಇಲ್ಲದೆ ಕಂಪನಿಗೆ ಕೊಡುವಂತಿಲ್ಲ. ಆದರೆ ಆಸ್ಪತ್ರೆ ಖರ್ಚಿನ ವಿವರ ಇರುವ ಪತ್ರವನ್ನು ಕೆಲವು ಕೆಂಪೋಗಳು ಕಂಪನಿಯ ಮೂಲಕ, ಮುಚ್ಚಿದ ಕವರಿನಲ್ಲಿ ಹಂಚುತ್ತವೆ. ಶೋಬ್ಯೋ ತೆಆತೆಕಿನ್ ಕೇಳಿದರೆ ನೀವು ಕಾಯಿಲೆಯ ರಜೆಯಲ್ಲಿದ್ದೀರಿ ಅನ್ನುವುದು ಕಂಪನಿಗೆ ಗೊತ್ತಾಗಲೇಬೇಕು. ಪೂರ್ತಿ ಗುಟ್ಟು ಮತ್ತು ಪೂರ್ತಿ ಸೌಲಭ್ಯ ಎರಡೂ ಒಟ್ಟಿಗೆ ಸಿಗುವುದಿಲ್ಲ. ನನ್ನ ಕೇಳಿದರೆ, ಕುಡಿದು ಮೀಟಿಂಗ್ ತಪ್ಪಿಸುವವನ ಗುಟ್ಟು ಆಫೀಸಿನಲ್ಲಿ ಹೇಗೂ ಉಳಿದಿರುವುದಿಲ್ಲ.

ನಿಜವಾದ ನಷ್ಟ ಎಲ್ಲಿ

ಚಿಕಿತ್ಸೆಯ ದಾಖಲೆಯಿಂದ ಏನೂ ನಷ್ಟ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಜಪಾನಿನಲ್ಲಿ ಬ್ಯಾಂಕ್ ಹೋಮ್ ಲೋನ್ ಜೊತೆ ಸಾಮಾನ್ಯವಾಗಿ ದಾನ್ಶಿನ್ ಅನ್ನುವ ಜೀವವಿಮೆ ಕಡ್ಡಾಯ. ಅದರ ಫಾರ್ಮಿನಲ್ಲಿ ಕಳೆದ ಮೂರು ವರ್ಷದ ಚಿಕಿತ್ಸೆ ಕೇಳುತ್ತಾರೆ, ಪಟ್ಟಿಯಲ್ಲಿ ಡಿಪ್ರೆಶನ್ ಇರುತ್ತದೆ, ಕುಡಿತದ ಚಟವೂ ಇರುತ್ತದೆ. ಹೌದು ಅಂತ ಬರೆದರೆ ಲೋನ್ ತಿರಸ್ಕಾರ ಆಗಬಹುದು. ಬಡ್ಡಿ ಸ್ವಲ್ಪ ಹೆಚ್ಚು ಕೊಟ್ಟು ತಗೊಳ್ಳುವ ವೈಡ್ ದಾನ್ಶಿನ್ ಇದೆ, ದಾನ್ಶಿನ್ ಇಲ್ಲದೆಯೂ ಸಿಗುವ ಫ್ಲ್ಯಾಟ್ 35 ಇದೆ, ಎರಡೂ ಅಷ್ಟು ಅಗ್ಗವೂ ಅಲ್ಲ, ಸುಲಭವೂ ಅಲ್ಲ. ಟರ್ಮ್ ಇನ್ಶೂರೆನ್ಸ್‌ಗೂ ಇದೇ ತೊಂದರೆ.

ಇದರಿಂದ ನಾನು ತೆಗೆದುಕೊಂಡ ಪಾಠ ಎರಡು. ಆರೋಗ್ಯವಾಗಿದ್ದಾಗಲೇ ಟರ್ಮ್ ಪಾಲಿಸಿ ತಗೊಳ್ಳಿ, ಮದುವೆಗೆ, ಮಗುವಿಗೆ ಕಾಯಬೇಡಿ. ಮತ್ತು ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ, ಅದರ ಶಿಕ್ಷೆ ಬರುವುದು ನಮಗಲ್ಲ, ನಮ್ಮ ಹಿಂದೆ ಉಳಿಯುವವರಿಗೆ. ಆದರೆ ಲೋನಿಗೋಸ್ಕರ ಮೂರು ವರ್ಷ ಡಾಕ್ಟರ ಹತ್ತಿರ ಹೋಗದೆ ಇರುವುದು ಮಾತ್ರ ಬೇಡ. ಮನೆ ಮೂರು ವರ್ಷ ತಡವಾಗಿ ಬರಲಿ.

ನಮ್ಮಲ್ಲೇ ಇರುವ ಇನ್ನೊಂದು ಚಟ

ಹಣದ ಬ್ಲಾಗ್ ಬರೆಯುವವನಾಗಿ ಇದನ್ನು ಹೇಳದೆ ಹೋಗಲಾರೆ. ಭಾರತದ ಷೇರು ಮಾರುಕಟ್ಟೆ ತೆರೆಯುವುದು ಬೆಳಿಗ್ಗೆ 9:15ಕ್ಕೆ, ಇಲ್ಲಿ ಆಗ ಮಧ್ಯಾಹ್ನ 12:45. ಮುಚ್ಚುವಾಗ ಇಲ್ಲಿ ಸಂಜೆ 7. ಅಂದರೆ ನಮ್ಮ ಆಫೀಸಿನ ಮಧ್ಯಾಹ್ನವೆಲ್ಲ ಅಲ್ಲಿನ ಟ್ರೇಡಿಂಗ್ ಸಮಯ. ಅಪ್ಪನ ಅಕೌಂಟಿನಲ್ಲಿ ಆಪ್ಶನ್ಸ್ ಆಡಿ, ನಷ್ಟವನ್ನು ಹೆಂಡತಿಗೆ ಹೇಳದೆ, ಇಲ್ಲಿ ಕಾರ್ಡ್ ಲೋನ್ ತೆಗೆದು ಅಲ್ಲಿಗೆ ಕಳಿಸುವವರು ನಮ್ಮ ನಡುವೆ ಇದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೇಳಿದ್ದು ನೆನಪಿರಲಿ: ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಆಡಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇಕಡಾ 93 ಮಂದಿ ನಷ್ಟದಲ್ಲಿ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಿಲ್ಲಿಸಬೇಕು ಅಂದುಕೊಂಡೂ ನಿಲ್ಲಿಸಲಾಗದಿದ್ದರೆ, ಹೋದದ್ದನ್ನು ವಾಪಸ್ ತರಲು ಸಾಲ ಮಾಡುತ್ತಿದ್ದರೆ, ಅದನ್ನು ಸ್ಟ್ರಾಟೆಜಿ ಅನ್ನಬೇಡಿ. ಜೂಜಿನ ಚಟ ಕಾಯಿಲೆಯೇ, ಅದಕ್ಕೂ ಇಲ್ಲಿ ವಿಮೆಯಲ್ಲೇ ಚಿಕಿತ್ಸೆ ಇದೆ.

ಎಲ್ಲಿಂದ ಶುರು ಮಾಡುವುದು

ಪ್ರತಿ ಪ್ರಿಫೆಕ್ಚರಿನಲ್ಲೂ ದೊಡ್ಡ ನಗರಗಳಲ್ಲೂ ಸೇಶಿನ್ ಹೋಕೆನ್ ಫುಕುಶಿ ಸೆಂಟರ್ ಅನ್ನುವ ಸರ್ಕಾರಿ ಕೇಂದ್ರ ಇದೆ. ಚಟದ ಬಗ್ಗೆ ಸಲಹೆ ಉಚಿತ, ಮನೆಯವರು ಒಬ್ಬರೇ ಹೋಗಿಯೂ ಕೇಳಬಹುದು. ಗಂಡ ಒಪ್ಪುತ್ತಿಲ್ಲ ಅಂತ ಕಾಯುವ ಅಗತ್ಯ ಇಲ್ಲ. ಫೋನಿನಲ್ಲಾದರೆ ಯೊರಿಸೋಯ್ ಹಾಟ್‌ಲೈನ್, 0120-279-338, ಉಚಿತ, ಬೇರೆ ಭಾಷೆಗಳ ಆಯ್ಕೆಯೂ ಇದೆ. ಇಂಗ್ಲಿಷಿನಲ್ಲಿ ಮಾತಾಡಲು 1973ರಿಂದ ನಡೆಯುತ್ತಿರುವ ಟೆಲ್ ಲೈಫ್‌ಲೈನ್ ಇದೆ. ಟೋಕಿಯೊದಲ್ಲಿ ಇಂಗ್ಲಿಷ್ ಎಎ ಸಭೆಗಳಿವೆ, ದುಡ್ಡಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಯೋಚಿಸದೆ 119. ದಿನವೂ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ಬಿಡುವ ಪ್ರಯತ್ನ ಮಾಡಬೇಡಿ, ಅದು ಪ್ರಾಣಕ್ಕೇ ಅಪಾಯ ಆಗಬಹುದು. ಡಾಕ್ಟರ ಕಣ್ಣೆದುರೇ ಬಿಡಬೇಕು.

ಭಾಷೆಯ ತೊಂದರೆ ನಿಜ. ಇಲ್ಲಿನ ಮನೋವೈದ್ಯರು ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮಾತು ಮುಗಿಸಿ ಮಾತ್ರೆ ಬರೆಯುತ್ತಾರೆ. ಗಂಟೆಗಟ್ಟಲೆ ಮಾತಾಡುವ ಕೌನ್ಸೆಲಿಂಗ್ ಸಾಮಾನ್ಯವಾಗಿ ವಿಮೆಯಲ್ಲಿ ಬರುವುದಿಲ್ಲ, ಒಂದು ಸಲಕ್ಕೆ 10,000 ಯೆನ್ ಅಥವಾ ಹೆಚ್ಚು. ನನ್ನ ಗೆಳೆಯ ಮಾಡಿದ್ದು ಹೀಗೆ: ಔಷಧಿ, ಸರ್ಟಿಫಿಕೇಟ್, ಗುಂಪು ಚಿಕಿತ್ಸೆ ಇಲ್ಲಿನ ವಿಮೆಯಲ್ಲಿ. ವಾರಕ್ಕೊಮ್ಮೆ ಕನ್ನಡದಲ್ಲಿ ಮಾತಾಡಲು ಬೆಂಗಳೂರಿನ ಒಬ್ಬ ಕೌನ್ಸೆಲರ್, ಆನ್‌ಲೈನ್, ಕೈಯಿಂದ ದುಡ್ಡು ಕೊಟ್ಟು. "ಅಪ್ಪನ ವಿಷಯ ಇಂಗ್ಲಿಷಲ್ಲಿ ಹೇಳಕ್ಕೆ ಬರಲ್ಲ ಕಣೋ" ಅಂದಿದ್ದ. ಕೈಯಿಂದ ಖರ್ಚು ಮಾಡುವುದಾದರೆ ಇಂಥದ್ದಕ್ಕೆ ಮಾಡಬೇಕು.

ಊರಿನಿಂದ ಮಾತ್ರೆ ಪಾರ್ಸೆಲ್ ತರಿಸಬೇಡಿ. ಸಾಮಾನ್ಯ ಪ್ರಿಸ್ಕ್ರಿಪ್ಶನ್ ಔಷಧಿ ಸ್ವಂತಕ್ಕೆ ಒಂದು ತಿಂಗಳಷ್ಟಕ್ಕೆ ಮಾತ್ರ ಅವಕಾಶ, ಅದಕ್ಕಿಂತ ಹೆಚ್ಚಿಗೆ ಮೊದಲೇ ಅನುಮತಿ ಪತ್ರ ಬೇಕು. ಮನೋವೈದ್ಯರ ಕೆಲವು ಮಾತ್ರೆಗಳಿಗೆ ಇನ್ನೂ ಬಿಗಿಯಾದ ಕಾನೂನಿದೆ. ಚಿಕಿತ್ಸೆಗೆಂದೇ ಊರಿಗೆ ಹೋದರೆ ಆ ಖರ್ಚನ್ನು ಜಪಾನಿನ ವಿಮೆ ವಾಪಸ್ ಕೊಡುವುದಿಲ್ಲ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಮೈಯ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತದೆ. ಊರಿನಲ್ಲಿರುವ ಅಪ್ಪ ಅಮ್ಮನ ಪಾಲಿಸಿಗೆ ಅದು ಉಪಯೋಗಕ್ಕೆ ಬರಬಹುದು, ನಮಗೆ ಇಲ್ಲಿನದೇ ಹತ್ತಿರ.

ಗೆಳೆಯ ಆ ವಾರ ರಾಜೀನಾಮೆ ಕೊಡಲಿಲ್ಲ. ನಾಲ್ಕು ತಿಂಗಳು ರಜೆ ಹಾಕಿದ. ನಡುವೆ ಒಮ್ಮೆ ಮತ್ತೆ ಕುಡಿದ, ಮತ್ತೆ ಡಾಕ್ಟರ ಹತ್ತಿರ ಹೋದ. ಈಗ ಕೆಲಸಕ್ಕೆ ಹೋಗುತ್ತಿದ್ದಾನೆ, ನೋಮಿಕಾಯ್‌ಗೆ ಹೋಗುವುದಿಲ್ಲ. ಮುಂದೆ ಏನು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮ್ಯೂಚುಯಲ್ ಫಂಡ್ ಹಾಗೇ ಇದೆ.

ನಾವು ಸೇರಿದಾಗ ಯಾವ ಬ್ಯಾಂಕಿನಲ್ಲಿ ರೆಮಿಟೆನ್ಸ್ ರೇಟು ಚೆನ್ನಾಗಿದೆ, ಫುರುಸಾತೊ ನೋಝೇ ಎಷ್ಟು ಮಾಡಬಹುದು ಅಂತೆಲ್ಲ ಮಾತಾಡುತ್ತೇವೆ. ಮುಂದಿನ ಸಲ ಜಿರಿತ್ಸು ಶಿಯೆನ್ ಅನ್ನುವ ಹೆಸರೂ ಒಮ್ಮೆ ಮಾತಿನಲ್ಲಿ ಬರಲಿ. ಕೇಳಿಸಿಕೊಂಡವರಲ್ಲಿ ಯಾರಿಗೆ ಬೇಕಾಗಿತ್ತು ಅಂತ ನಮಗೆ ಗೊತ್ತಾಗಬೇಕಾಗಿಲ್ಲ.